ಬೇವಿನ ಗಿಡದಡಿಯ ಕವಿಗೋಷ್ಠಿ

ಹಣಮಂತರಾಯ ಮಾಸ್ತರರು ಅಂದು ಪಟ್ಟ ಪಾಡಿಗೆಲ್ಲ ಮೂಲ, ನೆರೆಮನೆಯ ಖಾದರಸಾಬರಿಗೆ ಮಗಳ ಮೇಲಿದ್ದ ಅಕ್ಕರೆ.

ನೆಲೋಗಿಯಲ್ಲಿ ಅಂದು ಸಾಹಿತ್ಯ ಸಮ್ಮೇಳನ. '೧೯೫೪ರ ಪ್ರಮುಖ ಸಾಹಿತ್ಯ ಘಟನೆಗಳು' ಎಂಬ ಭಾಷಣ ಮಾಸ್ತರರ ಪಾಲಿಗೆ ಬಂದಿತ್ತು. ಪುಸ್ತಕದ ಪುಟಗಳ ಫೋಟೊ ಹೊಡೆದು ಮೊಬೈಲಿನಲ್ಲಿಟ್ಟುಕೊಂಡು ಅವರು ನಿಶ್ಚಿಂತೆಯಿಂದಿದ್ದರು. ಆ ಮೊಬೈಲನ್ನು, ಹಿರೋಳ್ಳಿಗೆ ಕೊಟ್ಟ ಮಗಳಿಗೆ ವಿಡಿಯೊ ಕಾಲಿನಲ್ಲಿ ಪೆಂಡಾಲು ತೋರಿಸುತ್ತೇನೆಂದು ಖಾದರಸಾಬರು ಇಸಿದುಕೊಂಡು ಹೋದರು. ತಿರುಗಿ ಕೈಗೆ ಬರುವ ಹೊತ್ತಿಗೆ ಚಾರ್ಜು ಮುಗಿದು ಅದರ ಪ್ರಾಣ ಹೋಗಿತ್ತು.

"ಪೆಂಡಾಲ, ಅಡಿಗಿ ಮನಿ, ಎಲ್ಲಾ ತೋರಿಸೀನ್ರಿ ಸರ್. ಆಕಿಗಿ ಭಾಳ ಖುಷಿ ಆತು," ಎಂದರು ಖಾದರಸಾಬರು.

ಅಷ್ಟರಲ್ಲಿ ಮಾಸ್ತರರ ಹೆಸರು ಕೂಗಿದರು. ವೇದಿಕೆ ಹತ್ತಿದರೆ ತಲೆಯೊಳಗೂ ಆ ಮೊಬೈಲಿನ ಪರದೆಯಂತೆಯೇ ಕತ್ತಲಾಗಿತ್ತು. "ಆ ವರ್ಷ ಅನೇಕರು ಬರೆದರು. ಬರೆದದ್ದನ್ನು ಅನೇಕರು ಓದಿದರು," ಎಂದು ಶುರುಮಾಡಿದರು. ಉಂಡು ಕೂತ ಜನ ಆಕಳಿಸಿದರು. ಮುಂದಿನ ಸಾಲಿನಿಂದ ಖಾದರಸಾಬರೇ ನೆರವಿಗೆ ಬಂದರು.

"ಸರ್, ಆ ವರ್ಷ ನಮ್ಮೂರಾಗ ಏನ್ ನಡೀತು, ಅದನ್ನ ಹೇಳ್ರಿ."

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಕನ್ನಡ, ಉರ್ದು ಕವಿಗಳೆಲ್ಲ ನೆಲೋಗಿಯಲ್ಲಿ ಸೇರಿ ಬೆಳತನಕ ಕವಿತೆ ಓದಿದರೆಂದು ಮಾಸ್ತರರು ಹೇಳಿಯೇಬಿಟ್ಟರು.

"ಎಲ್ಲಿ ಕುಂತಿದ್ರಿ ಅವ್ರು?" ಎಂದು ಕಿರಾಣಿ ಅಂಗಡಿಯ ಹುಲೆಪ್ಪ ಕೇಳಿದ.

ಸುಳ್ಳಿಗೂ ಒಂದು ಜಾಗ ಬೇಕಲ್ಲ. ಮಾಸ್ತರರ ಕಣ್ಣ ಮುಂದೆ ಸದಾ ಇರುತ್ತಿದ್ದ ಜಾಗ ಒಂದೇ. ಬಾಡಿಗೆ ಮನೆಯಲ್ಲಿ ಸೋತುಹೋದ ಹೆಂಡತಿ ಶಿವಕಾಂತಾಳಿಗೆಂದು ಮನೆ ಕಟ್ಟಲು, ಬರುವ ಸೋಮವಾರ ಭೂಮಿಪೂಜೆಗೆ ಇಟ್ಟುಕೊಂಡಿದ್ದ ತಮ್ಮ ನಿವೇಶನ. ಬಾಯಿಗೆ ಅದೇ ಬಂತು.

"ನಮ್ಮ ಖುಲ್ಲಾ ಜಾಗಾದಾಗ. ಬೇವಿನ ಗಿಡದ ಬುಡಕ."

ಪೆಂಡಾಲಿಗೆ ಜೀವ ಬಂತು. ಪಂಚಾಯತಿ ಅಧ್ಯಕ್ಷೆ ಜಯಮಾಲಾ ಎದ್ದು ನಿಂತರು. "ಅಲ್ಲೇ ಒಂದು ಸ್ಮಾರಕ ಕಟ್ಟೋಣು. ಅವತ್ತು ದುಡಿದವ್ರ ಹೆಸರೆಲ್ಲಾ ಕಲ್ಲಿನ್ಯಾಗ ಕೊರಸೋಣು. ಮಾಸ್ತರು ಜಾಗಾ ಇಲ್ಲ ಅನ್ನಂಗಿಲ್ಲ."

ಕಲ್ಲಿನಲ್ಲಿ ಹೆಸರು ಎಂದದ್ದೇ ತಡ, ಮುದುಕಿ ಕುಲಸುಮಬಿಗೆ ಎಲ್ಲ ನೆನಪಾಯಿತು. "ನಾ ಆವಾಗ ಸಣ್ಣಾಕಿ. ಕವಿಗೋಳಿಗಿ ನೀರ ಕೊಟ್ಟಾಕಿ ನಾನೇ." ಹುಲೆಪ್ಪನ ಅಪ್ಪನಂತೂ ಬೆಳಗಾಗುವವರೆಗೆ ಕಂದೀಲು ಹಿಡಿದು ನಿಂತಿದ್ದನಂತೆ.

ಮಾಸ್ತರರು ಬೆವತು ಮೈಕು ಹಿಡಿದರು. "ತಡೀರಿ. ನಾ ಹೇಳಿದ್ದೆಲ್ಲಾ ಸುಳ್ಳ ಅದ."

"ಅಂದ್ರ ನಾ ಸುಳ್ಳ ಹೇಳಾಕತ್ತೇನೇನಪಾ?" ಎಂದಳು ಕುಲಸುಮಬಿ. ಹುಲೆಪ್ಪ ತೋಳು ಏರಿಸಿದ. "ಸತ್ತ ನಮ್ಮಪ್ಪಗ ಸುಳ್ಳ ಅಂತೀರೇನ್ರಿ?" ಮನೆಯ ಜಾಗ ಉಳಿಸಿಕೊಳ್ಳಲು ಮಾಸ್ತರರು ಊರಿನ ಇತಿಹಾಸವನ್ನೇ ಅಳಿಸಲು ಹೊರಟಿದ್ದಾರೆಂದು ಜನ ಛೀ ಎಂದರು.

ಉಳಿದದ್ದು ಒಂದೇ ಆಸೆ. ಹೆಂಗಸರ ಸಾಲಿನಿಂದ ಶಿವಕಾಂತಾ ಸೆರಗು ಸಿಕ್ಕಿಸಿ ಎದ್ದಿದ್ದಳು. ಆ ಮನೆಗಾಗಿ ಅವಳು ಮಾಡದ ಹರಕೆಯಿಲ್ಲ. ಅವಳ ಬಾಯಿಗೆ ಇಡೀ ಊರೇ ಹೆದರುತ್ತಿತ್ತು. ಇನ್ನು ಜಾಗ ಉಳಿಯಿತೆಂದು ಮಾಸ್ತರರಿಗೆ ಹೋದ ಜೀವ ಬಂತು.

"ನಮ್ಮ ಮನಿಯವ್ರು ಸುಳ್ಳ ಹೇಳ್ಯಾರ," ಎಂದಳು ಶಿವಕಾಂತಾ. ಹುಲೆಪ್ಪ ಏರಿಸಿದ ತೋಳು ಇಳಿಸಿದ. "ಸುಳ್ಳ ಅದ ಅಂತ ಈಗ ಅಂದ್ರಲ್ಲ, ಅದೇ ಸುಳ್ಳ. ಅವತ್ತು ಕವಿಗೋಳಿಗೆಲ್ಲಾ ಜ್ವಾಳದ ರೊಟ್ಟಿ ಬಡದು ಹಾಕಿದಾಕಿ ನಮ್ಮತ್ತಿ. ಕಲ್ಲಿನ್ಯಾಗ ಮೊದಲ ಹೆಸರ ಅವ್ರದೇ ಇರ್ಬೇಕು."

ಚಪ್ಪಾಳೆಗೆ ಪೆಂಡಾಲು ನಡುಗಿತು. ಜಯಮಾಲಾ ಶಿವಕಾಂತಾಳಿಗೆ ಶಾಲು ಹೊದಿಸಿದರು. ೧೯೫೪ರಲ್ಲಿ ಮಾಸ್ತರರ ತಾಯಿ ಅಫಜಲಪುರದ ತವರಿನಲ್ಲಿ ಇನ್ನೂ ತೊಟ್ಟಿಲ ಕೂಸಾಗಿದ್ದರು.