ಅತ್ತೆಯ ಕೈಗೆ ಸಿಕ್ಕ ಸೂಪರ್‌ಹೀರೊ

ನಮ್ಮ ಸೋದರತ್ತೆಯ ಕೈಗೆ ಸಿಕ್ಕ ಸೂಪರ್‌ಹೀರೊ ಇದುವರೆಗೆ ಒಬ್ಬ ಕಳ್ಳನನ್ನೂ ಹಿಡಿದಿಲ್ಲ! ಆಕಾಶಕ್ಕೆ ನೆಗೆಯಬಲ್ಲ, ಲಾರಿಯನ್ನೇ ಎತ್ತಿ ಒಗೆಯಬಲ್ಲ ಆ ಗಟ್ಟಿ ಆಳು, ಅತ್ತೆ ರಿಮೋಟ್ ಹಿಡಿದರೆ ಸಾಕು, ಫುಟ್‌ಪಾತಿನ ಮೇಲೆ ತಲೆತಗ್ಗಿಸಿ ನಡೆಯುತ್ತಾನೆ. ಕೆಂಪು ದೀಪ ಹತ್ತಿದರೆ ನಿಲ್ಲುತ್ತಾನೆ. ಅವನು ಯಾರಿಗಾದರೂ ಡಿಕ್ಕಿ ಹೊಡೆದರೆ ಅತ್ತೆ ಟಿವಿಯ ಕಡೆಗೆ ಕೈಯೆತ್ತಿ, “ಮಾಫ್ ಮಾಡ್ರೀ, ಹೊಸಬ ಇದ್ದಾನ” ಎನ್ನುತ್ತಾಳೆ. ಇಂಥ ವೀರನನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಟಿವಿಗೆ ಜೋಡಿಸುವ ಈ ವಿಡಿಯೊ ಗೇಮಿನ ಪೆಟ್ಟಿಗೆ ತಂದವನು ಅತ್ತೆಯ ಮಗ. ಸಂಬಂಧದಲ್ಲಿ ಭಾವ, ನಾನು ಕರೆಯುವುದು ಅಣ್ಣ ಎಂದು. ತಂದದ್ದು ತನಗಾಗಿ. ಔರಾದಿನಲ್ಲಿ ಅವನ ನೌಕರಿ. ದಿನವೂ ಬೈಕಿನಲ್ಲಿ ಹೋಗಿ ಬಂದು ಸೊಂಟ ಹಿಡಿದುಕೊಂಡು ಮಲಗುವವನಿಗೆ ಆಟವೆಲ್ಲಿಯದು? ಮನೆಯಲ್ಲಿ ಕುಳಿತಿದ್ದವಳು ಅತ್ತೆ. ಜನವಾಡದ ಶಾಲೆಯಲ್ಲಿ ಟೀಚರ್ ಆಗಿದ್ದವಳು, ಒಂದು ಗದರಿಕೆಗೆ ಇಡೀ ಬಸ್ಸನ್ನು ಸುಮ್ಮನಾಗಿಸುವವಳು, ಹೋದ ಮಳೆಗಾಲದಲ್ಲಿ ಬೀದರಿನ ಮೈಲೂರಿನ ಮನೆಯ ಅಂಗಳದಲ್ಲಿ ಜಾರಿ ಬಿದ್ದಳು. ತೊಡೆಯ ಎಲುಬು ಮುರಿಯಿತು, ರಾಡು ಹಾಕಿದರು, ಎಲುಬು ಕೂಡಿತು. ಇನ್ನು ಹೊರಗೆ ಓಡಾಡಬೇಕು, ಇಲ್ಲದಿದ್ದರೆ ಕಾಲು ಬಿಗಿದುಕೊಂಡು ಕಾಯಂ ಕುಳಿತುಬಿಡುತ್ತೀರಿ ಎಂದರು ಡಾಕ್ಟರು. ಅತ್ತೆ ಮಾತ್ರ ಗೋಡೆ ಹಿಡಿದು ಮನೆಯೊಳಗೇ ಓಡಾಡಿದಳೇ ಹೊರತು ಹೊಸ್ತಿಲು ದಾಟಲಿಲ್ಲ.

“ಕಾಲಿನ ಮ್ಯಾಲ ಭರೋಸ ಅದ. ನೆಲದ ಮ್ಯಾಲಿನ ಭರೋಸ ಹೋಗ್ಯಾದ,” ಎಂದಳು.

ನಾನು ಭಾಲ್ಕಿಯವನು, ಬೀದರಿನಲ್ಲಿ ಕೆಲಸ. ಸಂಜೆ ಅತ್ತೆಯ ಮನೆಯಲ್ಲಿ ಚಹಾ ಕುಡಿಯದೆ ಬಸ್ಸು ಹತ್ತಿದವನಲ್ಲ. ಈ ಆಟಗಳಲ್ಲಿ ನಾನು ಪಂಡಿತನೆಂದು ನನಗೊಂದು ಜಂಭವೂ ಇತ್ತು ಅನ್ನಿ. ಹಾಗಾಗಿ ಅತ್ತೆಗೆ ಆಟ ಕಲಿಸಲು ಕುಳಿತೆ.

“ಅತ್ತೀ, ಅಲ್ಲಿ ಬ್ಯಾಂಕ್ ಲೂಟಿ ನಡದದ! ಓಡಸು ಅವನ್ನ!”

“ಪೊಲೀಸ್ರಿಲ್ಲೇನು ಅಲ್ಲಿ? ಅವ್ರಿಗೆ ಪಗಾರ ಬರಲ್ಲೇನು?”

ಒಮ್ಮೆ ಎಂಟು ಜನ ರೌಡಿಗಳು ನಮ್ಮವನನ್ನು ಸುತ್ತುವರಿದರು. ನಾನು ಕುರ್ಚಿಯಿಂದ ಎದ್ದೇ ನಿಂತೆ! ಅತ್ತೆ ಆಟ ನಿಲ್ಲಿಸಿ ರಿಮೋಟನ್ನು ಸೆರಗಿನಿಂದ ಒರೆಸಿ ಪಕ್ಕಕ್ಕಿಟ್ಟಳು. “ಚಹಾ ಆರಿ ಹೋಗ್ತದ. ಅವ್ರೂ ಸ್ವಲ್ಪ ದಣಿವಾರಿಸ್ಕೊಳ್ಳಲಿ,” ಎಂದಳು. ಎತ್ತಿದ ಮುಷ್ಟಿ ಎತ್ತಿದಂತೆಯೇ ಎಂಟೂ ಜನ ನಾವು ಬಶಿಯಲ್ಲಿ ಚಹಾ ಸುರಿದು ಕುಡಿಯುವುದನ್ನು ನೋಡುತ್ತ ನಿಂತರು.

ಇಷ್ಟಾದರೂ ಆಕೆಯಷ್ಟು ಸುಖವಾಗಿ ಆ ಆಟ ಆಡಿದವರನ್ನು ನಾನು ನೋಡಿಲ್ಲ. ಅದೇ ನನ್ನನ್ನು ಯೋಚನೆಗೆ ಹಚ್ಚಿತು. ಸೂಪರ್‌ಹೀರೊ ಆಟದ ರುಚಿ ಯಾವುದರಲ್ಲಿದೆ? ಗುದ್ದಿನಲ್ಲಿ, ಹೊಸ ಹೊಸ ಶಕ್ತಿ ಗೆಲ್ಲುವುದರಲ್ಲಿ ಎಂದು ನಾನು ತಿಳಿದಿದ್ದೆ. ಅತ್ತೆಯ ಪಕ್ಕದಲ್ಲಿ ಕುಳಿತ ಮೇಲೆ ಬೇರೆಯದು ಕಾಣತೊಡಗಿತು. ಗುಂಡಿ ಒತ್ತಿದೊಡನೆ ಆ ದೊಡ್ಡ ದೇಹ ನಮ್ಮ ಮಾತು ಕೇಳುತ್ತದೆ. ನೋವಿಲ್ಲ, ಏದುಸಿರಿಲ್ಲ. ಮೇಲೇರಿದಂತೆ ಗಾಳಿಯ ಸದ್ದು, ಕೆಳಗೆ ಇಡೀ ಊರು. ಮೈ ಹಗುರಾಗುವ ಆ ಒಂದು ಗಳಿಗೆಗಾಗಿಯೇ ಮನುಷ್ಯರು ಈ ಆಟ ಆಡುತ್ತಾರೇನೋ. ಮಾತು ಕೇಳದ ಮೈ ಹೊತ್ತವರಿಗೆ ಅದರ ಬೆಲೆ ಇನ್ನೂ ಹೆಚ್ಚು.

ಅತ್ತೆಗೆ ಇನ್ನೊಂದು ಚಟವಿತ್ತು. ಅವನನ್ನು ಎಲ್ಲಕ್ಕಿಂತ ಎತ್ತರದ ಕಟ್ಟಡಕ್ಕೆ ಹತ್ತಿಸುವುದು, ಅಲ್ಲಿಂದ ಕೆಳಕ್ಕೆ ಬಿಡುವುದು! ಧಡ್ ಎಂದು ರಸ್ತೆ ಬಿರಿಯುತ್ತಿತ್ತು, ಅವನು ಎದ್ದು ನಿಲ್ಲುತ್ತಿದ್ದ. ಮತ್ತೆ ಹತ್ತಿಸುವುದು, ಮತ್ತೆ ಬಿಡುವುದು.

“ಯಾಕತ್ತೀ, ಪಾಪ, ಅವನ ಮ್ಯಾಲೇನು ಸಿಟ್ಟು?”

“ಸಿಟ್ಟಲ್ಲೋ ತಮ್ಮ. ಹ್ಯಾಂಗ ಬೀಳ್ತಾನ ನೋಡ್ಲತ್ತೀನಿ. ಮೊದಲು ಮೊಣಕಾಲು ಬಗ್ಗಸ್ತಾನ, ಆಮ್ಯಾಲೆ ಕೈ ಊರ್ತಾನ. ನಾ ಅವತ್ತು ಕಟಗಿ ಬಿದ್ದಂಗ ಬಿದ್ನಿ.”

ಅಷ್ಟು ದಿನ ಆಕೆ ಆಡುತ್ತಿದ್ದಾಳೆ ಎಂದುಕೊಂಡಿದ್ದೆ.

ಅಣ್ಣನಿಗೆ ಇದೆಲ್ಲ ಕಾಣಲಿಲ್ಲ. ಕಂಡದ್ದು ದಿನವಿಡೀ ಕುಳಿತೇ ಇರುವ ಅವ್ವ. “ಡಾಕ್ಟರ್ ನಡೀಲಿಕ್ಕೆ ಹೇಳ್ಯಾರ. ಈಕಿ ನೋಡಿದ್ರ ಹಾರ್ಲತ್ಯಾಳ!” ಎಂದು ಕೂಗಾಡಿದ. ಅವ್ವ ಕಾಯಂ ಕುಳಿತುಬಿಡುತ್ತಾಳೆಂಬ ಹೆದರಿಕೆ ಅವನದು. ಮರುದಿನ ರಿಮೋಟನ್ನು ಬ್ಯಾಗಿಗೆ ಹಾಕಿಕೊಂಡು ಔರಾದಿಗೆ ಹೋಗಿಬಿಟ್ಟ.

ಆ ಸಂಜೆ ನಾನು ಹೋದಾಗ ಟಿವಿ ಬಂದ್ ಆಗಿತ್ತು. ಅತ್ತೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಕೈ ಕೊಡು. ಓಣಿ ಕಡೀತನ ಹೋಗಿ ಬರೂಣು. ಬಿದ್ರ ಹ್ಯಾಂಗ ಬೀಳ್ಬೇಕಂಬೂದು ಗೊತ್ತಾಗ್ಯಾದ.”

ಮೆಟ್ಟಿಲು ಇಳಿಯುವಾಗ ಆಕೆಯ ಉಗುರುಗಳು ನನ್ನ ಅಂಗೈಗೆ ನಾಟಿದವು. ಓಣಿಯವರೆಲ್ಲ ಖಾಲಾ ಎಂದು ಕರೆಯುವ ಎದುರು ಮನೆಯ ಹೆಂಗಸು ತರಕಾರಿ ಹೆಚ್ಚುವುದನ್ನು ಬಿಟ್ಟು ಎದ್ದು ಬಂದು, “ಟೀಚರಮ್ಮ, ಹುಷಾರ್ ರೀ, ಕಲ್ಲು ಅವ,” ಎಂದರು. ಹತ್ತು ಹೆಜ್ಜೆ ನಡೆದು ಅತ್ತೆ ನಿಂತಳು. ಬೆವರು ಒರೆಸಿಕೊಂಡಳು. ಸಾಕು, ಮನೆಗೆ ಹೋಗೋಣ ಎನ್ನುತ್ತಾಳೆಂದು ನಾನು ತಿರುಗಿದೆ.

ಅದೇ ಹೊತ್ತಿಗೆ ಓಣಿಯ ತಿರುವಿನಲ್ಲಿ ಅಣ್ಣನ ಬೈಕು ಬಂತು. ರಸ್ತೆಯ ಮೇಲೆ ಅವ್ವ ನಿಂತಿರುವುದನ್ನು ಕಂಡವನು ಬೈಕು ನಿಲ್ಲಿಸಿದ, ಕಾಲೂರುವುದನ್ನೇ ಮರೆತ! ನಿಂತ ಬೈಕಿನ ಸಮೇತ ಪಕ್ಕಕ್ಕೆ ಉರುಳಿದ.

ಅತ್ತೆ ನನ್ನ ಕೈ ಬಿಟ್ಟದ್ದು ನನಗೆ ತಿಳಿಯಲೇ ಇಲ್ಲ. ನೋಡುವಷ್ಟರಲ್ಲಿ ಆಕೆ ಕುಂಟುತ್ತ, ಯಾರನ್ನೂ ಹಿಡಿಯದೆ, ಅರ್ಧ ಓಣಿ ದಾಟಿದ್ದಳು. ಅಣ್ಣ ಮಣ್ಣಿನಲ್ಲಿ ಕುಳಿತಲ್ಲಿಂದಲೇ ಅವ್ವ ಬರುವುದನ್ನು ನೋಡುತ್ತಿದ್ದ. ಪೆಟ್ಟೇನೂ ಆಗಿರಲಿಲ್ಲ. ಆದರೂ ಏಳಲಿಲ್ಲ, ಆಕೆ ಹತ್ತಿರ ಬರುವ ತನಕ ಕಾದ.