ಉಡಿ ತುಂಬಿಸಿಕೊಂಡು ಹೋದ ತಕ್ಕಡಿ

ಮಂದಿ ನಗಬೇಕಂದ್ರ ನಾಟಕಕ್ಕ ಹೋಗತಾರ. ನಮ್ಮ ಮನ್ಯಾಗ ಒಂದು ಪಾರ್ಸಲ್ ಕಟ್ಟಿದ್ರ ಸಾಕು, ನಗಿ ತಾನ ಬಂದು ಬಾಗಲಾ ಬಡೀತೈತಿ. ಸೋಲಾಪುರದ ವಿಜಾಪುರ ರಸ್ತೇದಾಗ ನಮ್ಮ ಮನಿ. ಮುಚ್ಚಿದ ಮಿಲ್ಲು, ಸಾಲಿ, ಕಾಲೇಜಿನ ಲ್ಯಾಬಿನಾಗಿನ ಹಳೀ ಅಳತಿ ಸಾಮಾನ ತಂದು, ರಿಪೇರಿ ಮಾಡಿಸಿ, ಆನ್‌ಲೈನ್ ಮಾರತೀವಿ. ನಾ ಸಾಲಿ ಮೆಟ್ಟಲಾ ಹತ್ತಿದಾಂವ ಅಲ್ಲ. ಆದ್ರ ಇಡೀ ಸಾಲೀನ ಟೆಂಪೋದಾಗ ಹೇರಿಕೊಂಡು ತಂದೀನಿ. ಹಂಗ ನೋಡಿದ್ರ ನನಗಿಂತ ಹೆಚ್ಚಿಗಿ ಕಲತಾಂವ ಈ ಜಿಲ್ಲಾದಾಗ ಸಿಗಾಕಿಲ್ಲ.

ಮೊಣಕಾಲು ಹೋಗಿ ನಾ ಟೆಂಪೋ ಹೊಡಿಯೂದು ಬಿಟ್ಟ ಮ್ಯಾಲ ನಮ್ಮ ಒಲಿ ಉರಿಯೂದು ಈ ಫೋನಿನಾಗಿನ ಅಂಗಡಿ ಮ್ಯಾಲ. ಅಂಗಡಿ ಸೊಸಿ ಹೆಸರಿಲೆ ಐತಿ. ಫೋಟೋ ತಗಿಯೂದು, ಬರಿಯೂದು, ಗಿರಾಕಿಗೆ ಜವಾಬು ಕೊಡೂದು ಎಲ್ಲಾ ಆಕಿನ. ಹಳೀ ಗಾಜು ಕಬ್ಬಿಣದಾಗ ನಮಗ ಅನ್ನ ತೋರಿಸಿದಾಕಿ, ಆಕಿ ಹೊಟ್ಟಿ ತಣ್ಣಗಿರಲಿ. ಆದ್ರ ಆನ್‌ಲೈನ್ ಕಂಪನಿ ಕಾಯದೆ ಭಾಳ ಕಠಿಣ. ಗಿರಾಕಿ ಚುಕ್ಕಿ, ಅಂದ್ರ ಸ್ಟಾರ್, ಕೊಡತಾನ. ಐದು ಕೊಟ್ರ ದೇವರು, ಒಂದ ಕೊಟ್ರ ದೆವ್ವ. ತಕರಾರು ಜಾಸ್ತಿ ಆದ್ರ ಅಂಗಡೀನ ಮುಚ್ಚಿಬಿಡತಾರ.

ನೊಣದ ಉಪವಾಸ

ಅಕ್ಕಲಕೋಟದಾಗ ಮುಚ್ಚಿದ ಒಂದು ಕಾಲೇಜಿನಿಂದ ಎರಡು ತಕ್ಕಡಿ ತಂದಿದ್ವಿ. ಗಾಜಿನ ಪೆಟ್ಟಿಗಿಯಾಗ ಕುಂದರೂ ಕರೆಂಟ್ ತಕ್ಕಡಿ. ಎಷ್ಟು ನಾಜೂಕಂದ್ರ, ಬಾಗಲಾ ತಗದು ಉಸುರು ಬಿಟ್ರ ಅಂಕಿ ಓಡತಾವ. ಏನಂತ ಬರೀಲಿ ಮಾವಾರ ಅಂತ ಸೊಸಿ ಕೇಳಿದ್ಲು.

"ಇದರ ಮ್ಯಾಗ ನೊಣ ಕುಂತ್ರ, ಅದು ಉಂಡು ಬಂದೈತೋ ಉಪವಾಸ ಐತೋ ಹೇಳತೈತಿ ಅಂತ ಬರೀವ್ವ" ಅಂದೆ. ದಿನಾ ನನ್ನ ಮಾತಿಗೆ ಕತ್ತರಿ ಹಾಕಾಕಿ, ಅವತ್ತ ನಕ್ಕೋತ ಹಂಗ ಬರದ್ಲು.

ಮರುದಿನ ನಾಶಿಕದಾಗಿನ ಔಷಧ ಕಾರಖಾನಿಯ ಒಬ್ಬ ಸಾಹೇಬರ ಫೋನ್ ಬಂತು. ಈ ನೊಣದ ಮಾತು ನೀವು ಕಣ್ಣಾರೆ ನೋಡೀರೇನು ಅಂತ ಮರಾಠಿಯಾಗ ಕೇಳಿದ್ರು. ನೋಡದ ಮಾತಾಡೂ ಮನಷ್ಯಾ ನಾ ಅಲ್ಲ. ಏಕಾದಶಿ ದಿನ ನಮ್ಮ ಮನಿ ನೊಣ ಎಲ್ಲಾ ಹಗರ ಇರತಾವ್ರಿ ಅಂದೆ.

ಆಮ್ಯಾಲ ಸಾಹೇಬ್ರು ಅಂದ್ರು: "ತಕ್ಕಡಿ ಅಷ್ಟ ಕಳಸ್ರಿ ಬಾಬಾ. ನೊಣ ನಮ್ಮಲ್ಲೇ ಅದಾವ."

ಬ್ಯಾರೆ ಪದಾರ್ಥ

ನಮ್ಮ ಮನಿಯಾಕಿ ಕರಜಗಿಯಾಕಿ. ನಮಗ ಹೆಣ್ಣುಮಕ್ಕಳಿಲ್ಲ. ನಾಕು ದಿನ ಮನ್ಯಾಗ ಇದ್ದು, ಆಕಿ ಕೈಲೆ ಒರಸಿಸಿಕೊಂಡ ಸಾಮಾನ ಹೊಂಟ್ರ, ಆಕಿಗೆ ಮಗಳು ಗಂಡನ ಮನಿಗೆ ಹೊಂಟಂಗ. ಡಬ್ಬಿ ಮುಚ್ಚೂಕಿಂತ ಮೊದಲ ಉಡಿ ತುಂಬತಾಳ: ಒಂದು ಹಿಡಿ ಅಕ್ಕಿ, ಅರಿಷಿಣ ಬೇರು, ಉತ್ತತ್ತಿ, ಅಡಿಕಿ, ಮ್ಯಾಲೊಂದು ಜಂಪರದ ಖಣ. ಯಾವ ಗಿರಾಕೀನೂ ಏನೂ ಅಂದಿರಲಿಲ್ಲ.

ನಾಶಿಕದ ಸಾಹೇಬರ ಲ್ಯಾಬಿನಾಗ ಮಾತ್ರ ಧೂಳಿಗೂ ಒಳಗ ಬರಾಕ ಪರವಾನಗಿ ಬೇಕು. ಅಲ್ಲಿ ಡಬ್ಬಿ ಬಿಚ್ಚಿದ್ರ ಅಕ್ಕಿ ಸುರೀತು. ತಕ್ಕಡಿ ಜೋಡಿ ಬ್ಯಾರೆ ಪದಾರ್ಥ ಬಂದಾವ ಅಂತ ಬರದು ಒಂದ ಚುಕ್ಕಿ ಕೊಟ್ರು. ಬ್ಯಾರೆ ಸಾಮಾನದ ಮ್ಯಾಲ ಮೊದಲ ಒಂದೆರಡು ತಕರಾರು ಇದ್ವು. ಕಂಪನಿ ಸೊಸಿಗೆ ಖಡಕ್ ಹೇಳಿತು: ಇನ್ನೊಂದು ತಕರಾರು ಬಂದ್ರ, ಇಲ್ಲಾ ಒಂದು ಸಾಮಾನ ವಾಪಸ್ ಬಂದ್ರ, ಅಂಗಡಿ ಬಂದ್.

ಸೊಸಿ ಅತ್ತಿ ಮುಂದ ಕುಂತು ಎಲ್ಲಾ ತಿಳಿಸಿದ್ಲು. ಇನ್ನ ಮುಂದ ಉಡಿ ಬ್ಯಾಡ್ರಿ ಅಂದ್ಲು. ನಮ್ಮಾಕಿ ಶಾಂತ ಕೇಳಿದ್ಲು, ತಲಿ ಅಲ್ಲಾಡಿಸಿದ್ಲು, ಆಮ್ಯಾಲ ಒಂದ ಮಾತು ಕೇಳಿದ್ಲು:

"ಆತವ್ವ, ಬ್ಯಾಡಂದ್ರ ಬ್ಯಾಡ. ಆದ್ರ ಆ ಸಾಹೇಬ್ರು ಖಣ ವಾಪಸ್ ಕಳಿಸಿಲ್ಲಲ್ಲ?"

ಬೋರಾಮಣಿ ಸಾರು

ಬೋರಾಮಣಿ ಊರಿನ ಪಾಟೀಲರೊಬ್ಬರು ಹೊಲದ ಮಣ್ಣು ನೋಡಾಕಂತ ನಮ್ಮ ಕಡೆ ಹುಳಿ ಅಳಿಯೂ ಪಿಎಚ್ ಮೀಟರ್ ತಗೊಂಡ್ರು. ಅವರ ಮನ್ಯಾಗ ಅವ್ವನ ಸಾರು ಹುಳಿಯೋ ಹೆಂಡತಿ ಸಾರು ಹುಳಿಯೋ ಅನ್ನೂ ಜಗಳ ಮದವಿ ಆದಾಗಿಂದ ನಡದೈತಿ. ಮಣ್ಣು ನೋಡೂದು ಮುಗೀತು, ಪಾಟೀಲರ ಕೈ ಸುಮ್ಮನಿರಲಿಲ್ಲ. ಎರಡೂ ಸಾರಿನಾಗ ಮೀಟರ್ ಅದ್ದಿದ್ರು. ಎರಡಕ್ಕೂ ಒಂದ ಅಂಕಿ ಬಂತು.

ಸಂಜಿಕ ನನಗ ಫೋನ್ ಮಾಡಿ, ನಿಮ್ಮ ಮಷೀನಿಗೆ ಒಂದ ಚುಕ್ಕಿ ಕೊಡಾಂವ ಅದೀನಿ ಅಂದ್ರು. ಯಾಕ್ರಿ, ಅತ್ತಿ ಸೊಸಿ ಜಗಳಾಡಾಕತ್ತಾರೇನು ಅಂದೆ.

"ಜಗಳಾಡಿದ್ರ ಚಲೋ ಇತ್ತಲ್ಲ ಬಾಬಾ. ಮಣ್ಣಾಗ ಹೆಟ್ಟಿದ್ದನ್ನ ಸಾರಿನಾಗ ಅದ್ದ್ಯಾನ ಅಂತ ಇಬ್ಬರೂ ಒಂದಾಗ್ಯಾರ. ನಾ ಎಸ್‌ಟಿ ಬಸ್ ಸ್ಟ್ಯಾಂಡಿನಾಗ ವಡಾಪಾವ್ ತಿನ್ನಾಕತ್ತೀನಿ."

"ಪಾಟೀಲ್ರ, ಅತ್ತಿ ಸೊಸೀನ ಒಂದ ಮಾಡೂ ಮಷೀನು ಬ್ಯಾರೆ ಯಾವ ಅಂಗಡ್ಯಾಗ ಸಿಗತೈತಿ ಹೇಳ್ರಿ" ಅಂದೆ. ಒಳ್ಳೇ ಮನಷ್ಯಾ, ನಾಕು ಚುಕ್ಕಿ ಕೊಟ್ಟ. ಒಂದು ವಡಾಪಾವಿಗೆ ಕಡಕೊಂಡ.

ಪಂಚಮಿ

ಸೊಸಿ ಉಡಿ ಬ್ಯಾಡಂದ ಮ್ಯಾಲ ಎರಡನೇ ತಕ್ಕಡಿ ಕಲಬುರ್ಗಿಯ ಒಂದು ಕಾಲೇಜಿಗೆ ಹೋಗಿತ್ತು. ತಗೊಂಡಾಕಿ ಅಲ್ಲಿ ಪಾಠಾ ಕಲಿಸೂ ಬಾಯಿ, ಮೇಡಂ. ನಾಗರ ಪಂಚಮಿ ಹತ್ತರ ಬಂದಾಗ ಕುರಿಯರ್‌ದಾಂವ ಒಂದು ಡಬ್ಬಿ ತಂದಿಟ್ಟ. ಕಳಿಸಿದವರ ಹೆಸರು ಓದಿ ಸೊಸಿ ನನ್ನ ಕರದ್ಲು.

"ಮಾವಾರ, ಕಲಬುರ್ಗಿ ತಕ್ಕಡಿ ವಾಪಸ್ ಬಂತು."

ಅಂಗಡಿ ಹೋತು, ಒಲಿ ಆರಿತು ಅಂತ ಮನಸಿನಾಗ ಅಕ್ಕಲಕೋಟದ ಸ್ವಾಮಿಗೆ ಒಂದು ಕಾಯಿ ಹರಕಿ ಹೊತ್ತೆ. ನಮ್ಮಾಕಿ ಸೆರಗು ತಿರವಿಕೋತ ಮೂಲ್ಯಾಗ ನಿಂತಿದ್ಲು. "ನಾ ಒಂದ ಹಿಡಿ ಅಷ್ಟ ಹಾಕಿದ್ದೆ" ಅಂದ್ಲು.

ಡಬ್ಬಿ ಬಿಚ್ಚಿದ್ವಿ. ತಕ್ಕಡಿ ಸಂಗಾಟ ಹಸರ ಖಣ, ಕೊಬ್ರಿ ಬಟ್ಟಲ, ಜ್ವಾಳದ ಅರಳು, ಶೇಂಗಾ ಉಂಡಿ. ನಾವು ಒಬ್ಬರ ಮಾರಿ ಒಬ್ಬರು ನೋಡೂದ್ರಾಗ ಆ ಬಾಯಿದ ಫೋನ್ ಬಂತು.

"ಕಾಕಾ, ಉಡಿ ತುಂಬಿ ಕಳಿಸೀರಿ. ಮೊದಲನೇ ಪಂಚಮಿಗೆ ತವರಮನಿಗೆ ಕಳಸದಿದ್ರ ಮಂದಿ ನಮ್ಮ ಕಾಲೇಜಿಗೆ ಏನಂದಾರು?"

ಐದು ಚುಕ್ಕಿ ಎಂದೋ ಕೊಟ್ಟಾರಂತ. ಇದು ಕಂಪನಿ ಲೆಕ್ಕದ ವಾಪಸ್ ಅಲ್ಲ, ತಮ್ಮ ಖರ್ಚಿಲೆ ಕಳಿಸಿದ್ದು; ಒಮ್ಮೆ ಒರಸಿ, ತೂಕ ನೋಡಿ ಕಳಸ್ರಿ ಅಂದ್ರು. ಸೊಸಿ ಅತ್ತಿ ಕೊರಳಿಗೆ ಬಿದ್ದು ಅತ್ಲೋ ನಕ್ಲೋ ತಿಳೀಲಿಲ್ಲ. ಉಡಿ ಬಿಡಬ್ಯಾಡ್ರಿ ಅಂತ ನಾ ಮೊದಲ ಹೇಳಿದ್ದೆ. ಯಾರಿಗೂ ಕೇಳಿಸಿರಲಿಲ್ಲ, ಅಷ್ಟ.

ಅಕ್ಕಲಕೋಟಕ್ಕ ಹೋಗಿ ಕಾಯಿ ಒಡಿಸಿ ಬಂದೆ. ಬರೂದ್ರಾಗ ಪಡಸಾಲ್ಯಾಗ ಪಂಚಮಿ ಜೋಕಾಲಿ ಕಟ್ಟಿತ್ತು. ಅದರ ಮ್ಯಾಲ ತಕ್ಕಡಿ ಕುಂದರಿಸಿದ್ರ ತೂಕ ಕೆಡತೈತಿ ಅಂತ ಸೊಸಿ ಕಾಲು ಹಿಡಕೊಂಡ ಮ್ಯಾಲ, ನಮ್ಮಾಕಿ ಬರೀ ಜೋಕಾಲಿ ತೂಗಿ ಮಗಳಿಗೆ ತೋರಿಸಿದ್ಲು. ತಕ್ಕಡಿ ಮುಂದ ಉಂಡಿ ಇಟ್ಲು. ಒಯ್ಯಾಕ ಮಂಗಳವಾರ ಬಂದ ಕುರಿಯರ್‌ದಾಂವನ್ನ, ಮಂಗಳವಾರ ಹೆಣ್ಣುಮಕ್ಕಳನ್ನ ಕಳಸಂಗಿಲ್ಲಪ್ಪ ಅಂತ ಚಾ ಕುಡಿಸಿ ಹೊಳ್ಳಿ ಕಳಿಸಿದ್ಲು.

ಬುಧವಾರ ಅಂವ ಬಂದು ಡಬ್ಬಿ ತೂಗಿದ, ಹಿಂದಿನ ಚೀಟಿ ನೋಡಿದ, ಮತ್ತ ತೂಗಿದ.

"ಅಜ್ಜಿ, ಬರಬೇಕಾದ್ರ ಇಷ್ಟು ಭಾರ ಇರಲಿಲ್ಲಲ್ಲ ಇದು."

ನಮ್ಮಾಕಿ ಡಬ್ಬಿ ಮ್ಯಾಲ ಕೈ ಆಡಿಸಿ ಅಂದ್ಲು: "ಪಂಚಮಿಗೆ ಬಂದ ಮಗಳು ಬಂದಷ್ಟ ತೂಕಾ ಹೊಳ್ಳಿ ಹೋದ್ರ, ಅದು ತವರಮನಿ ಹ್ಯಾಂಗಾತೋ ತಮ್ಮಾ?"