ಕಿಸೆ ರಾಣಿ

ಬೆಳಗಿನ ರೊಟ್ಟಿ ಬಡಿಯುತ್ತಿದ್ದ ಶಿವಗಂಗವ್ವನ ಕೈ ಗಕ್ಕನೆ ನಿಂತಿತು. ಬೇಡಕಿಹಾಳದ ಓಣಿಯಲ್ಲಿ ಟೆಂಪೋ ಒಂದು ಒದರುತ್ತ ಬರುತ್ತಿತ್ತು. ಅನಂತಪುರ, ಅಕ್ಕೋಳದ ಜನ ಮೆಚ್ಚಿದ ಸಂಗೀತ ನಾಟಕ ಇಂದು ಸಂಜೆ ನಮ್ಮೂರಿನಲ್ಲಿ; ಎಲ್ಲರ ಅಚ್ಚುಮೆಚ್ಚಿನ ‘ಕಿಸೆ ರಾಣಿ’ಯನ್ನು ನೋಡಲು ಮರೆಯದಿರಿ.

ಆ ನಾಟಕ ಬರೆದು ಹಾರ್ಮೋನಿಯಂ ಪೇಟಿ ಬಾರಿಸುವವನು ಅವಳ ಗಂಡ ಲಗಮಣ್ಣನೇ. ಅವನು ಮನೆಯಲ್ಲಿ ಪದ ಗುನುಗುವಾಗ ರಾಣಿಯ ಹೆಸರು ಚಂದ್ರಪ್ರಭೆ ಎಂದಿತ್ತು. ಈ ಕಿಸೆ ಎಲ್ಲಿಂದ ಬಂತು?

ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಮದುವೆಯಾದ ಹೊಸದರಿಂದ ಅವಳಿಗೊಂದು ಚಾಳಿ. ಲಗಮಣ್ಣ ಜಳಕಕ್ಕೆ ಹೋದೊಡನೆ ಗೂಟದ ಮೇಲಿನ ಅವನ ಅಂಗಿಯ ಕಿಸೆಗೆ ಕೈ ಹಾಕುವುದು. ರೊಕ್ಕಕ್ಕಲ್ಲ. ಏನು ಹುಡುಕುತ್ತಿದ್ದಾಳೆಂದು ಅವಳಿಗೂ ಗೊತ್ತಿರಲಿಲ್ಲ. ಸಿಕ್ಕದ್ದು ಅಡಿಕೆ ಚೂರು, ಬಸ್ಸಿನ ಟಿಕೆಟು, ಒಮ್ಮೆ ಒಂದು ಸತ್ತ ಇರುವೆ. ಆದರೂ ಒಂದು ದಿನ ತಪ್ಪಿಸಿದರೆ ಅಂದೇ ಅದರಲ್ಲಿ ಏನೋ ಇತ್ತೆನಿಸಿ ಊಟ ಸೇರುತ್ತಿರಲಿಲ್ಲ. ಈ ಗುಟ್ಟು ಮಗಳು ಸೀಮಾಳಿಗೂ ತಿಳಿಯದು. ಗಂಡನಿಗೆ ತಿಳಿದು, ಅವನು ಅದನ್ನು ತಾಲೂಕು ತಾಲೂಕಿಗೆ ಕುಣಿಸಿ ತೋರಿಸುತ್ತಿದ್ದಾನೆಯೇ?

ಲಗಮಣ್ಣ ಆಗಲೇ ರಂಗಮಂಚ ಕಟ್ಟಿಸಲು ಹೋಗಿದ್ದ. ಅವಳು ಹೆಪ್ಪಿನ ನೆವದಲ್ಲಿ ಪಕ್ಕದ ಮನೆಯ ತುಳಸವ್ವನ ಹತ್ತಿರ ಹೋದಳು. ತುಳಸವ್ವನ ತವರು ಅನಂತಪುರ. ಅಲ್ಲೇ ಆಟ ನೋಡಿ ಬಂದಿದ್ದಳು.

“ಆಕಿ ಕಿಸೆದಾಗ ಕೈ ಹಾಕಿದ್ಲಂದ್ರ ಸಾಕ್ರಿ ವೈನಿ, ಮಂದಿ ಸೀಟಿ ಹೊಡದು ಹೊಡದು ಸುಸ್ತಾಗ್ತಾರ,” ಎಂದ ತುಳಸವ್ವ ಕಣ್ಣು ಕಿರಿದು ಮಾಡಿದಳು. “ಅಲ್ಲ, ನಿಮ್ಮ ಮಾರಿ ಯಾಕ ಸಣ್ಣದಾತು?”

ಯಾರ ಕಿಸೆ ಎಂದು ಕೇಳಲು ಶಿವಗಂಗವ್ವನಿಗೆ ಬಾಯಿ ಬರಲಿಲ್ಲ. ಹೆಪ್ಪನ್ನು ಅಲ್ಲೇ ಮರೆತು, ವೇಷದ ಬಟ್ಟೆ ಹೊಲಿದ ಟೇಲರ್ ಅಣ್ಣಾಸಾಬನ ಅಂಗಡಿಗೆ ನಡೆದಳು. ಅವಳ ಹಿಂದೆ ತುಳಸವ್ವ, ತುಳಸವ್ವನ ಹಿಂದೆ ಓಣಿಯ ಇನ್ನಷ್ಟು ಹೆಂಗಸರು.

“ಕಿಸೆ ನನ್ನ ಐಡಿಯಾ ಅಲ್ಲರಿ ಅಕ್ಕಾರ,” ಎಂದ ಅಣ್ಣಾಸಾಬ, ತುಟಿಯಲ್ಲಿ ಕಚ್ಚಿದ್ದ ಸೂಜಿ ತೆಗೆದು. “ಕಿಸೆ ಇರಬೇಕು, ಮಂದೀಗೆ ಕಾಣಬಾರದು ಅಂತ ನಿಮ್ಮ ಯಜಮಾನ್ರೇ ನಿಂತು ಹೊಲಿಸ್ಯಾರ. ಯಾಕಂದ್ರ...”

ಯಾಕೆಂದು ಕೇಳಲು ಅವಳು ನಿಲ್ಲಲಿಲ್ಲ. ಇಲ್ಲೇನೋ ನಡೆಯಲಿದೆ ಎಂದು ಅಣ್ಣಾಸಾಬನೂ ಮಶೀನು ಬಿಟ್ಟು ಮೆರವಣಿಗೆ ಸೇರಿದ.

ರಂಗಮಂಚದ ಹಿಂದಿನ ಬಣ್ಣದ ಕೋಣೆಯಲ್ಲಿ ಲಗಮಣ್ಣ ಪೇಟಿಯ ಸ್ವರ ನೋಡುತ್ತಿದ್ದ. ರಾಣಿಯ ಪಾತ್ರದ ಜ್ಞಾನದೇವ ಬೆಳಗಿನ ತಾಲೀಮಿಗೆಂದೇ ಜಂಪರು ತೊಟ್ಟು, ಅರ್ಧ ಮುಖಕ್ಕೆ ಬಣ್ಣ ಬಳಿದುಕೊಂಡು, ಸುಣ್ಣ ತೀರಿ ಅರ್ಧಕ್ಕೇ ನಿಂತ ಗೋಡೆಯಂತೆ ಕೂತಿದ್ದ.

“ನೀವು ಜಳಕಕ್ಕ ಹೋದಾಗ ನಾ ನಿಮ್ಮ ಕಿಸೆ ನೋಡೂದು ಗೊತ್ತಿದ್ರ ನನ್ನ ಮುಂದ ಅನಬೇಕಿತ್ರಿ,” ಎಂದಳು ಶಿವಗಂಗವ್ವ. “ಊರ ಮುಂದ ಆಡಿ ತೋರ್ಸೂದೇನಿತ್ತು?”

ಪೇಟಿ ದಮ್ಮು ಹತ್ತಿದ ಮುದುಕನಂತೆ ಉಸಿರೆಳೆದು ಸುಮ್ಮನಾಯಿತು. ಜ್ಞಾನದೇವ ಗಾಬರಿಯಿಂದ ಜಂಪರಿನ ಒಳಗಿಸೆಗೆ ಕೈ ಹಾಕಿ ತಂಬಾಕು, ಸುಣ್ಣದ ಡಬ್ಬಿ ಹೊರತೆಗೆದ.

“ಇದಕ್ರಿ ವೈನಿ ಕಿಸೆ. ತಂಬಾಕ ಇಲ್ಲದ ನನಗ ಅಳಾಕ ಬರಂಗಿಲ್ಲ. ಅನಂತಪುರದಾಗ ರಾಜಾ ಸತ್ತ ಪದಾ ಹಾಡಾಕತ್ತಿದ್ನಿ. ತಡೀಲಾರದ ನಡುವ ತೆಗದು ತಿಕ್ಕಿದ್ನಿ. ಮಂದಿ ಅವತ್ತ ಹೆಸರಿಟ್ರು.”

ಲಗಮಣ್ಣನಿಗೆ ಅದು ಕೇಳಿಸಿದಂತಿರಲಿಲ್ಲ.

“ನೀ ನನ್ನ ಕಿಸೆ ನೋಡ್ತಿ?” ಎಂದ ಮೆಲ್ಲಗೆ.

ಬಾಗಿಲ ತುಂಬ ಹೆಂಗಸರ ಮುಖಗಳು. ಗಂಡ ಬೈದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಿರುತ್ತಿತ್ತು. ಅವನು ಬೈಯಲಿಲ್ಲ. ಅಂಗಿ ಕಳಚಿ, ಬನಿಯನ್ನಿನಲ್ಲಿ ನಿಂತು, “ಇದರ ಕಿಸೆ ಬಿಚ್ಚಿ ಕೊಡಪಾ,” ಎಂದು ಅಣ್ಣಾಸಾಬನ ಕೈಗಿಟ್ಟ.

ಸಂಜೆ ರಾಣಿ ರಂಗಕ್ಕೆ ಬಂದಾಗಲೆಲ್ಲ ಜನ ಸೀಟಿ ಹೊಡೆದದ್ದು ಮುಂದಿನ ಸಾಲಿನಲ್ಲಿ ಕೂತಿದ್ದ ಶಿವಗಂಗವ್ವನ ಕಡೆ ತಿರುಗಿ. ತಂಬಾಕಿನ ಕತೆ ಅಂದೇ ಸತ್ತಿತು. ಈಗ ರಾಯಬಾಗದಲ್ಲಿ ಕೇಳಿ, ಕಾಗವಾಡದಲ್ಲಿ ಕೇಳಿ, ಆ ಹೆಸರು ನಾಟಕ ಬರೆದವನ ಹೆಂಡತಿಯಿಂದಲೇ ಬಂತೆಂದು ಆಣೆ ಮಾಡಿ ಹೇಳುತ್ತಾರೆ.

ಶಿವಗಂಗವ್ವನಿಗೆ ಸೀಟಿ ಕೇಳಿಸಲಿಲ್ಲ. ಅವಳ ಕಣ್ಣು ಪೇಟಿ ಬಾರಿಸುವವನ ಎದೆಯ ಮೇಲೇ ನೆಟ್ಟಿತ್ತು. ಕಿಸೆ ಹೋದ ಜಾಗದಲ್ಲಿ ಬಿಸಿಲು ಕಾಣದ ಬಟ್ಟೆ ಹೊಸದರಂತೆ ಮಿನುಗುತ್ತಿತ್ತು. ಮುಚ್ಚಿಡುವುದು ಏನೂ ಇಲ್ಲದವನು ಕಿಸೆ ಯಾಕೆ ಬಿಚ್ಚಿಸುತ್ತಾನೆ? ಇಷ್ಟು ವರ್ಷ ಹುಡುಕುವ ಜಾಗವಾದರೂ ಒಂದೇ ಇತ್ತು.